ಲಾ ಬೋಕಾದ ಮನೆಗಳಿಗೆ ಬಣ್ಣ ಬಂದದ್ದು ಹಡಗಿನಿಂದಲೇ?

ಪ್ರಶ್ನೆ (ವಾಸ್ಕೋ, ಗೋವಾ):
ಎಲ್ಲರಿಗೂ ನಮಸ್ಕಾರ. ಇಲ್ಲಿ ಹಡಗುಗಳಿಗೆ ಬಣ್ಣ ಬಳಿಸುವ ಗುತ್ತಿಗೆ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಲಾ ಬೋಕಾ ಬಡಾವಣೆಯಲ್ಲಿ ನೆಲೆಸಿದ ಇಟಲಿಯ ವಲಸಿಗರು ಹಡಗಿಗೆ ಬಳಿದು ಉಳಿದ ಬಣ್ಣವನ್ನೇ ತಮ್ಮ ಮನೆಗಳಿಗೆ ಬಳಿಯುತ್ತಿದ್ದರೆಂದು ಓದಿದೆ. ಅರ್ಧ ಖಾಲಿಯಾದ ಡಬ್ಬದಲ್ಲಿ ಬಣ್ಣ ಕೆನೆ ಕಟ್ಟಿ ಹಾಳಾಗುವುದನ್ನು ನಿತ್ಯ ನೋಡುವ ನನಗೆ ಇದು ನಂಬಲರ್ಹವೆನಿಸುತ್ತದೆ. ಆದರೆ ಚಿತ್ರಗಳಲ್ಲಿ ಕಾಣುವ ಬೀದಿ ತೀರಾ ಅಚ್ಚುಕಟ್ಟಾಗಿದೆ. ಅದು ನಿಜಕ್ಕೂ ಅಷ್ಟು ಹಳೆಯದೇ?

ಉತ್ತರ 1 (ಮಾಟುಂಗ, ಮುಂಬಯಿ):
ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. 19ನೇ ಶತಮಾನದಲ್ಲಿ ಜಿನೋವಾ ಕಡೆಯಿಂದ ಬಂದ ನಾವಿಕರು, ಹಡಗು ಕಟ್ಟುವ ಬಡಗಿಗಳು ಮತ್ತು ಬಂದರಿನ ಕೂಲಿಗಳು ರಿಯಾಚುಯೆಲೊ ನದಿಯ ದಡದಲ್ಲಿ ಮರ ಮತ್ತು ತಗಡಿನ ವಠಾರಗಳಲ್ಲಿ ವಾಸಿಸಿದರು. ನಮ್ಮ ಮುಂಬಯಿಯ ಚಾಳುಗಳಂತೆ ಅಲ್ಲಿಯೂ ಕುಟುಂಬಕ್ಕೊಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಂಗಳ. ಒಂದು ಡಬ್ಬದ ಬಣ್ಣ ಇಡೀ ಗೋಡೆಗೆ ಸಾಲದಾದಾಗ ಕಿಟಕಿಗೆ ಮತ್ತೊಂದು ಬಣ್ಣ ಬೀಳುತ್ತಿತ್ತೆಂಬ ಮಾತು ಇಲ್ಲಿಂದ ಬಂದದ್ದು.

ನೀವು ಚಿತ್ರದಲ್ಲಿ ನೋಡಿದ ಕಮಿನಿತೊ ಬೀದಿಯಾದರೋ ರೈಲು ಓಡುವುದು ನಿಂತು ಪಾಳು ಬಿದ್ದಿದ್ದ ಹಳಿದಾರಿ. ಬೆನಿತೊ ಕಿಂಕೇಲಾ ಮಾರ್ತಿನ್ ಎಂಬ ಚಿತ್ರಕಾರರ ಮುತುವರ್ಜಿಯಿಂದ ಅದು 1959ರಲ್ಲಿ ಬಯಲು ವಸ್ತುಸಂಗ್ರಹಾಲಯವಾಯಿತು. ಅನಾಥಾಲಯದಲ್ಲಿ ಬೆಳೆದು, ಇದ್ದಿಲು ವ್ಯಾಪಾರಿಯ ದತ್ತುಪುತ್ರನಾಗಿ, ಬಂದರಿನಲ್ಲಿ ಇದ್ದಿಲು ಹೊತ್ತು ದುಡಿದವರು ಅವರು; ಆದ್ದರಿಂದ ಅದನ್ನು ಹೊರಗಿನವರು ಹಚ್ಚಿದ ಬಣ್ಣವೆಂದು ತಳ್ಳಿಹಾಕುವುದು ನನ್ನ ಮಟ್ಟಿಗೆ ಅನ್ಯಾಯ.

ಉತ್ತರ 2 (ಪುಣೆ):
ಬಣ್ಣದ ಮಾತಿನಲ್ಲಿ ಬಾಡಿಗೆಯ ಮಾತು ಮರೆಯಾಗಬಾರದು. 1907ರಲ್ಲಿ ಮಾಲೀಕರು ಬಾಡಿಗೆ ಏರಿಸಿದಾಗ ನಗರದ ವಠಾರಗಳವರು ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಹೆಂಗಸರೂ ಮಕ್ಕಳೂ ಕೈಯಲ್ಲಿ ಪೊರಕೆ ಹಿಡಿದು ಬೀದಿಗಿಳಿದರು. ಬಾಡಿಗೆ ಕೊಡದವರನ್ನು ಒಕ್ಕಲೆಬ್ಬಿಸಲು ಪೊಲೀಸರು ಬಂದರು. ನಾವು ಇಂದು ಕಣ್ತುಂಬ ನೋಡುವ ಗೋಡೆಗಳ ಹಿಂದೆ ಇಂಥ ಬಾಳು ಇತ್ತು.

1905ರಲ್ಲಿ ವಲಸಿಗರ ಮಕ್ಕಳು ಕಟ್ಟಿದ ಬೋಕಾ ಜೂನಿಯರ್ಸ್ ಫುಟ್‌ಬಾಲ್ ತಂಡದ ನೀಲಿ ಹಳದಿ ಕೂಡ ಬಂದರಿಗೆ ಬಂದ ಸ್ವೀಡನ್ ಹಡಗಿನ ಬಾವುಟದ್ದೆಂದು ಹೇಳುತ್ತಾರೆ. ಜಿನೋವಾದವರು ತಂದ ಫೈನಾ ಎಂಬ ತಿಂಡಿ ಇಂದಿಗೂ ಅಲ್ಲಿ ಉಳಿದಿದೆ: ಕಡಲೆಹಿಟ್ಟು, ನೀರು ಮತ್ತು ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸಿ, ಪಿಜ್ಜಾದ ತುಂಡಿನ ಮೇಲಿಟ್ಟು ತಿನ್ನುತ್ತಾರೆ.

ಪ್ರಶ್ನಿಸಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಆ ನದಿಯ ಸ್ಥಿತಿ ಈಗ ಹೇಗಿದೆ?

ಉತ್ತರ 1ರವರು:
ಚರ್ಮ ಹದಮಾಡುವ ಘಟಕಗಳ ಮತ್ತು ಇತರ ಕಾರ್ಖಾನೆಗಳ ಕೊಳಕು ನೀರು ಸೇರಿ ಆ ನದಿ ಬಹಳ ಕೆಟ್ಟಿದೆ. ಅದನ್ನು ಶುಚಿಗೊಳಿಸಬೇಕೆಂದು ಅರ್ಜೆಂಟೀನಾದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸರ್ಕಾರಗಳಿಗೆ ಆದೇಶಿಸಿತು. ನೀರು ಉಕ್ಕಿ ಮನೆಗೆ ನುಗ್ಗದಂತೆ ಎತ್ತರಿಸಿದ ಕಾಲುದಾರಿಗಳನ್ನೂ ಆ ಬಡಾವಣೆಯಲ್ಲಿ ನೋಡಬಹುದು.