ರೈಸ್ ಮಿಲ್‌ಗೆ ದೊಡ್ಡ ಜನರೇಟರ್ ತರಬೇಕಾ? ಮೂರು ತಿಂಗಳ ಲೆಕ್ಕ ಇಟ್ಟಿದ್ದೇನೆ, ನೋಡಿ ಹೇಳಿ

ಭತ್ತದ_ಮಿಲ್_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಪಕ್ಕ ನಮ್ಮದೊಂದು ರೈಸ್ ಮಿಲ್ ಇದೆ, ಭದ್ರಾ ನಾಲೆ ಭತ್ತ ನಂಬಿಕೊಂಡು ನಡೆಯುವ ಮಿಲ್. ಸೀಸನ್‌ನಲ್ಲಿ ದಿನಕ್ಕೆ 20 ಗಂಟೆ ಓಡಿಸುತ್ತೇವೆ. ಕರೆಂಟ್ ಹೋಗಿ ಬಂದು ಮಾಡುವುದರಿಂದ ತುಂಬಾ ನಷ್ಟ ಆಗುತ್ತಿದೆ. ಈಗಿರುವ ಜನರೇಟರ್ ಚಿಕ್ಕದು, ಬಾಯ್ಲರ್ ಮೋಟರ್ ಮತ್ತು ಲೈಟು ಬಿಟ್ಟರೆ ಬೇರೆ ಏನೂ ಎಳೆಯುವುದಿಲ್ಲ. ಇಡೀ ಮಿಲ್ ಓಡಿಸುವಂಥದ್ದು ಒಂದು ತಂದುಬಿಡೋಣ ಅಂತ ಅಪ್ಪ ಹೇಳುತ್ತಿದ್ದಾರೆ.

ಅದಕ್ಕೆ ಮೊದಲು ಮೂರು ತಿಂಗಳು ಎಲ್ಲ ಬರೆದಿಟ್ಟೆ. 90 ದಿನ, ಒಟ್ಟು 1800 ಗಂಟೆ. ಕರೆಂಟ್ ಹೋಗಿದ್ದು 60 ಸಲ. ಅದರಲ್ಲಿ 45 ಸಲ ಹೋದ ಹಾಗೆಯೇ ವಾಪಸ್ ಬಂತು, ಒಂದು ನಿಮಿಷವೂ ಇಲ್ಲ. ಉಳಿದ 15 ಸಲ ದೊಡ್ಡದು. ಎಲ್ಲ ಕೂಡಿಸಿದರೆ ಸುಮಾರು 24 ಗಂಟೆ. 1800ರಲ್ಲಿ 24 ಅಂದರೆ ನೂರಕ್ಕೆ ಒಂದೂವರೆಯೂ ಆಗುವುದಿಲ್ಲ. ಆದರೆ ಮಿಲ್ ಅದಕ್ಕಿಂತ ತುಂಬಾ ಜಾಸ್ತಿ ಹೊತ್ತು ನಿಂತಿದೆ ಅಂತ ನನಗೆ ಗೊತ್ತು. ಲೆಕ್ಕ ಎಲ್ಲಿ ತಪ್ಪಿದೆ? ಇನ್ನೊಂದು ವಿಷಯ, ಚಿತ್ರದುರ್ಗದ ಕಡೆ ಕರೆಂಟ್ ಮಾಡುವ ಗಾಳಿ ಫ್ಯಾನ್ ಜಾಸ್ತಿ ಆಗಿದ್ದಕ್ಕೇ ಹೀಗೆ ಕರೆಂಟ್ ಹೋಗುತ್ತದೆ ಅಂತ ಇಲ್ಲಿ ಕೆಲವರು ಹೇಳುತ್ತಾರೆ. ನಿಜವಾ?

ಹರಿಹರ_ಮೆಂಟೇನೆನ್ಸ್:
ಲೆಕ್ಕ ತಪ್ಪಿಲ್ಲ ಸರ್, ಒಂದು ಕಾಲಂ ಬಿಟ್ಟುಹೋಗಿದೆ ಅಷ್ಟೆ. ಕರೆಂಟ್ ಹೋಗಿದ್ದು ಎಷ್ಟು ಹೊತ್ತು ಅನ್ನುವುದನ್ನು ಬರೆದಿದ್ದೀರಿ. ಕರೆಂಟ್ ಬಂದ ಮೇಲೆ ಒಳ್ಳೆ ಅಕ್ಕಿ ಬೀಳಲು ಎಷ್ಟು ಹೊತ್ತಾಯಿತು? ಅದು ಹೇಳಿ.

ಭತ್ತದ_ಮಿಲ್_ದಾವಣಗೆರೆ:
ಹೆಚ್ಚು ಕಡಿಮೆ 40 ನಿಮಿಷ. ಕರೆಂಟ್ ಹೋದಾಗ ಭತ್ತ ಮೇಲೆತ್ತುವ ಎಲಿವೇಟರ್‌ನ ಬಕೆಟ್‌ಗಳೆಲ್ಲ ತುಂಬಿರುತ್ತವೆ, ಬೆಲ್ಟ್ ಹಿಂದಕ್ಕೆ ಜಾರುತ್ತದೆ, ಭತ್ತವೆಲ್ಲ ಕೆಳಗೆ ಬೂಟ್‌ಗೆ, ಅಂದರೆ ಎಲಿವೇಟರ್ ತಳದ ಪೆಟ್ಟಿಗೆಗೆ ಬಂದು ಬೀಳುತ್ತದೆ. ಮೇಲಿನ ಬಿನ್ ಗೇಟ್ ತೆರೆದೇ ಇರುವುದರಿಂದ ಅಲ್ಲಿಂದಲೂ ಭತ್ತ ಸುರಿಯುತ್ತಲೇ ಇರುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಬೆಲ್ಟ್ ಜಾರುತ್ತದೆ, ಇಲ್ಲ ಮೋಟರ್ ಟ್ರಿಪ್ ಆಗುತ್ತದೆ. ಇಬ್ಬರು ಹುಡುಗರು ಗುಂಡಿಗೆ ಇಳಿದು, ಬೂಟ್ ಪಕ್ಕದ ತಗಡು ಬಿಚ್ಚಿ, ಕೈಯಲ್ಲಿ ಭತ್ತ ಎಳೆದು ಬುಟ್ಟಿಗೆ ತುಂಬಬೇಕು. ಆರು ಎಲಿವೇಟರ್ ಇವೆ. ಧೂಳಿಗೆ ಉಸಿರು ಕಟ್ಟುತ್ತದೆ ಆ ಹುಡುಗರಿಗೆ. ಆಮೇಲೆ ಮೊದಲು ಬರುವ ಅಕ್ಕಿಯಲ್ಲಿ ನುಚ್ಚು ಜಾಸ್ತಿ.

ಹರಿಹರ_ಮೆಂಟೇನೆನ್ಸ್:
ನೋಡಿ, ನಷ್ಟ ಇರುವುದೇ ಅಲ್ಲಿ. 60 ಸಲ, ಒಂದೊಂದು ಸಲಕ್ಕೆ 40 ನಿಮಿಷ, ಅಂದರೆ 40 ಗಂಟೆ. ಕರೆಂಟ್ ಇಲ್ಲದ 24 ಗಂಟೆ ಕೂಡಿಸಿದರೆ 64. ಮಿಲ್ ಓಡಿದ್ದು 1736 ಗಂಟೆ, ಅಂದರೆ ನೂರಕ್ಕೆ 96.4. ಇದನ್ನೇ ನಾವು ಅವೈಲಬಿಲಿಟಿ ಅನ್ನುತ್ತೇವೆ. ಒಂದು ಸಲ ನಿಂತು ಮತ್ತೆ ನಿಲ್ಲುವ ತನಕ ಸರಾಸರಿ 29 ಗಂಟೆ ಓಡುತ್ತದೆ, ನಿಂತರೆ ಸರಾಸರಿ 64 ನಿಮಿಷ ಹೋಗುತ್ತದೆ. ಮಿಲ್‌ನ ಲೆಕ್ಕ ಹಾಕಲು ಮೊದಲಿಗೆ ಈ ಎರಡು ಸಂಖ್ಯೆ ಸಾಕು. ಮೊದಲನೆಯದನ್ನು ಹಿಗ್ಗಿಸಬೇಕು, ಎರಡನೆಯದನ್ನು ಕುಗ್ಗಿಸಬೇಕು.

ಈಗ ಜನರೇಟರ್ ಹಾಕಿ ನೋಡಿ. ಆಟೋ ಸ್ಟಾರ್ಟ್ ಇದ್ದರೂ ಲೋಡ್ ತಗೊಳ್ಳಲು ಅದಕ್ಕೆ ಹತ್ತು ಹದಿನೈದು ಸೆಕೆಂಡ್ ಬೇಕು. ಅಷ್ಟರಲ್ಲಿ ಮೋಟರ್‌ಗೆ ಕರೆಂಟ್ ಕೊಡುವ ಸ್ವಿಚ್‌ಗಳು, ಅಂದರೆ ಕಾಂಟ್ಯಾಕ್ಟರ್‌ಗಳೆಲ್ಲ ಬಿಟ್ಟು, ಬೂಟ್ ತುಂಬಿ ಆಗಿರುತ್ತದೆ. ಅಂದರೆ ಆ 40 ಗಂಟೆಯಲ್ಲಿ ಒಂದು ನಿಮಿಷವೂ ಉಳಿಯುವುದಿಲ್ಲ. 24 ಗಂಟೆ ಉಳಿಯಿತು ಅಂದುಕೊಳ್ಳಿ. ಆದರೆ ಕರೆಂಟ್ ವಾಪಸ್ ಬಂದಾಗ ಜನರೇಟರ್‌ನಿಂದ ಲೈನಿಗೆ ಚೇಂಜ್‌ಓವರ್ ಮಾಡಲು ಮತ್ತೆ ಮಿಲ್ ನಿಲ್ಲಿಸಬೇಕು ಅಲ್ವಾ? ಆ 15 ಸಲಕ್ಕೆ ಇನ್ನೊಂದು 40 ನಿಮಿಷದ ಹಾಗೆ ಹಿಡಿದರೆ 10 ಗಂಟೆ ಹೋಯಿತು. ಮೊದಲೇ ಗೇಟ್ ಮುಚ್ಚಿ ಖಾಲಿ ಮಾಡಿ ನಿಲ್ಲಿಸಿದರೆ ಕಡಿಮೆ ಆಗಬಹುದು, ಇಲ್ಲದಿದ್ದರೆ ನಿಮಗೆ ಸಿಗುವುದು 14 ಗಂಟೆ. ಅದೂ ಡೀಸೆಲ್ ಸುಟ್ಟು.

ಅದರ ಬದಲು ಆ 40 ನಿಮಿಷವನ್ನು 20ಕ್ಕೆ ಇಳಿಸಿ. 60 ಸಲಕ್ಕೆ 20 ಗಂಟೆ ಉಳಿಯುತ್ತದೆ, ಡೀಸೆಲ್ ಒಂದು ಹನಿಯೂ ಬೇಡ. ಎಲಿವೇಟರ್ ತಲೆಯ ಶಾಫ್ಟ್‌ಗೆ ಬ್ಯಾಕ್‌ಸ್ಟಾಪ್ ಹಾಕಿಸಿ, ಬೆಲ್ಟ್ ಹಿಂದಕ್ಕೆ ಜಾರಬಾರದು. ಬಿನ್ ಗೇಟ್‌ಗೆ ಸ್ಪ್ರಿಂಗ್ ಇರುವ ಏರ್ ಸಿಲಿಂಡರ್ ಹಾಕಿ, ಕರೆಂಟ್ ಹೋದ ತಕ್ಷಣ ತಾನೇ ಮುಚ್ಚಿಕೊಳ್ಳಬೇಕು.

ಸಣ್ಣ ಸಣ್ಣ ಡಿಪ್‌ಗೆ, ಅಂದರೆ ವೋಲ್ಟೇಜ್ ಕ್ಷಣಕಾಲ ಕುಸಿಯುವುದಕ್ಕೆ, ಕಂಟ್ರೋಲ್ ಸರ್ಕ್ಯೂಟ್ ಮಾತ್ರ ಚಿಕ್ಕ ಯುಪಿಎಸ್ ಮೇಲೆ ಹಾಕುವ ಪದ್ಧತಿ ಇದೆ. ಅರ್ಧ ಸೆಕೆಂಡಿನ ಒಳಗಿನ ಡಿಪ್ ಆದರೆ ಕಾಂಟ್ಯಾಕ್ಟರ್ ಬಿಡುವುದಿಲ್ಲ, ಮೋಟರ್ ಓಡುತ್ತಲೇ ಇರುತ್ತದೆ. ಆದರೆ ಇದನ್ನು ಸುಮ್ನೆ ಮಾಡಬೇಡಿ. ತಿರುಗುತ್ತಿರುವ ಮೋಟರ್‌ಗೆ ಪೂರ್ತಿ ಹೋಗಿ ಬಂದ ಸಪ್ಲೈ ತಪ್ಪಾದ ಹೊತ್ತಿನಲ್ಲಿ ತಗುಲಿದರೆ ಶಾಫ್ಟಿಗೆ ಭಾರಿ ಪೆಟ್ಟು ಬೀಳುತ್ತದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿದಾಗಲೂ ತಕ್ಷಣ ನಿಲ್ಲಲೇಬೇಕು. ಅನುಭವ ಇರುವ ಎಲೆಕ್ಟ್ರಿಕಲ್ ಎಂಜಿನಿಯರ್ ಬಂದು ನೋಡಿಯೇ ಮಾಡಲಿ.

ಜೋಗಿಮಟ್ಟಿ_ಗಾಳಿ:
ಫ್ಯಾನ್ ವಿಷಯ ನಾನು ಹೇಳುತ್ತೇನೆ, ಚಿತ್ರದುರ್ಗದಲ್ಲಿ ನನ್ನ ಕೆಲಸವೇ ಅದು. ಗಾಳಿ ಏರಿ ಇಳಿಯುವುದು ನಿಜ. ಅದಕ್ಕೇ ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದು ತುಂಡಿಗೂ ಎಷ್ಟು ಬರಬಹುದು ಅಂತ ಮುಂಚೆಯೇ ಅಂದಾಜು ಕೊಡುತ್ತೇವೆ. ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಅದನ್ನು ಇಟ್ಟುಕೊಂಡು ಯಾವ ಘಟಕ ಎಷ್ಟು ಓಡಬೇಕು ಅಂತ ಲೆಕ್ಕ ಹಾಕುತ್ತಾರೆ. ಗಾಳಿ ಬಿದ್ದರೆ ಶರಾವತಿಯಂಥ ಜಲವಿದ್ಯುತ್ ಬೇಗ ಏರಿಸಬಹುದು, ಕಲ್ಲಿದ್ದಲ ಘಟಕ ಅಷ್ಟು ಬೇಗ ಏರುವುದಿಲ್ಲ. ಫ್ರೀಕ್ವೆನ್ಸಿ 49.90ರಿಂದ 50.05 ಹರ್ಟ್ಸ್ ಒಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಉತ್ಪಾದನೆ ಸಾಲದೆ ಲೋಡ್ ಶೆಡ್ಡಿಂಗ್ ಮಾಡಿದರೆ ಅದು ಅರ್ಧ ಗಂಟೆ, ಒಂದು ಗಂಟೆ ಇರುತ್ತದೆ. ನಿಮ್ಮ ಆ 45 ಸಲದ ಹಾಗೆ ಹೋದ ಕೂಡಲೇ ಬರುವುದಿಲ್ಲ.

ಅಂಥದ್ದು ಲೈನ್ ತೊಂದರೆ. ಕೊಂಬೆ ತಾಗುವುದು, ಸಿಡಿಲು, ಕಂಬದಲ್ಲಿ ತಂತಿ ಜೋಡಿಸುವ ಜಂಪರ್ ಸಡಿಲವಾಗುವುದು. ಬ್ರೇಕರ್ ತೆರೆದು ಮತ್ತೆ ಹಾಕಿಕೊಳ್ಳುತ್ತದೆ. ಗುತ್ತೂರಿನ 400 ಕೆವಿ ಸ್ಟೇಷನ್‌ನಂಥ ಕಡೆ ಒಂದು ಲೈನ್ ಬಿದ್ದರೂ ಉಳಿದವು ಹೊರೆ ಹೊರಬೇಕು ಅನ್ನುವ ನಿಯಮದ ಮೇಲೆಯೇ ಎಲ್ಲ ಕಟ್ಟಿರುತ್ತಾರೆ. ನಿಮ್ಮ ಮಿಲ್‌ಗೆ ಕರೆಂಟ್ ತರುವ 11 ಕೆವಿ ಲೈನ್, ಅಂದರೆ ಫೀಡರ್ ಹಾಗಲ್ಲ, ಸಾಮಾನ್ಯವಾಗಿ ಅದಕ್ಕೆ ಒಂದೇ ದಾರಿ. ಎಲ್ಲೋ ಒಂದು ಕಂಬದಲ್ಲಿ ಇನ್ಸುಲೇಟರ್ ಒಡೆದರೂ ಇಡೀ ಫೀಡರ್ ಹೋಗುತ್ತದೆ. 2012ರ ಜುಲೈ 30, 31ರಂದು ಉತ್ತರದ ಗ್ರಿಡ್ ಕುಸಿದಾಗ ದಕ್ಷಿಣದ್ದು ಬೀಳಲಿಲ್ಲ, ಆಗ ಇನ್ನೂ ಅದರ ಜೊತೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿರಲಿಲ್ಲ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನಿಂದ ಸೇರಿತು. ಅಂಥ ದೊಡ್ಡ ಕುಸಿತ ಎಷ್ಟೋ ವರ್ಷಕ್ಕೊಂದು. ನಿಮಗೆ ತೊಂದರೆ ಕೊಡುತ್ತಿರುವುದು ಕೊನೆಯ ನಾಲ್ಕೈದು ಕಿಲೋಮೀಟರ್ ತಂತಿ. ನಿಮ್ಮ ನೋಟ್‌ಬುಕ್ಕಿನ ತಾರೀಖು, ಗಂಟೆ ಸಮೇತ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಕೊಡಿ. ಬಾಯಲ್ಲಿ ಹೇಳುವುದಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಲೆಕ್ಕದ_ಮೇಷ್ಟ್ರು:
ಎಂಜಿನಿಯರಿಂಗ್ ಹುಡುಗರಿಗೆ ಈ ವಿಷಯ ಪಾಠ ಮಾಡುತ್ತೇನೆ, ಎರಡು ಮಾತು ಸೇರಿಸುತ್ತೇನೆ. 29 ಗಂಟೆ ಅನ್ನುವುದು ಸರಾಸರಿ ಮಾತ್ರ, 29 ಗಂಟೆಗೊಮ್ಮೆ ಗಡಿಯಾರದ ಹಾಗೆ ಹೋಗುತ್ತದೆ ಅಂತಲ್ಲ. ಈ ನಿಲುಗಡೆಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬರುತ್ತವೆ ಅಂದುಕೊಂಡರೆ, 8 ಗಂಟೆಯ ಶಿಫ್ಟ್ ಒಮ್ಮೆಯೂ ನಿಲ್ಲದೆ ಮುಗಿಯುವ ಸಾಧ್ಯತೆ ನೂರಕ್ಕೆ 76. ಪೂರ್ತಿ 20 ಗಂಟೆಗೆ ಬರೀ 50. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದೇ ಸಂಜೆ ನಾಲ್ಕು ಸಲ ಹೋಗುತ್ತದೆ. ಆಗ ಆ ಅಂದಾಜು ನಿಲ್ಲುವುದಿಲ್ಲ. ಆ ದಿನಗಳನ್ನು ಬೇರೆ ಪುಟದಲ್ಲಿ ಬರೆಯಿರಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಮಿಲ್ ಒಂದು ಸರಪಳಿ. ಕ್ಲೀನರ್, ಕಲ್ಲು ತೆಗೆಯುವ ಮಷೀನು, ಹೊಟ್ಟು ಬಿಡಿಸುವ ಶೆಲ್ಲರ್, ಸೆಪರೇಟರ್, ವೈಟ್ನರ್, ಪಾಲಿಷರ್, ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಸಾರ್ಟೆಕ್ಸ್, ಏಳೂ ಒಂದರ ಹಿಂದೆ ಒಂದು. ಒಂದೊಂದೂ ನೂರಕ್ಕೆ 99 ಗಂಟೆ ಸರಿಯಾಗಿದೆ ಅಂತ ಹಿಡಿದರೂ, 0.99 ಅನ್ನು ಏಳು ಸಲ ಗುಣಿಸಿದರೆ 0.932. ಅಂದರೆ ನೂರಕ್ಕೆ ಏಳು ಗಂಟೆ ಮಷೀನುಗಳಿಂದಲೇ ಹೋಗುತ್ತದೆ. ಅದು ನಿಮ್ಮ ಕರೆಂಟ್ ನಷ್ಟದ ಸುಮಾರು ಎರಡು ಪಟ್ಟು. ಕರೆಂಟ್ ಹೋದಾಗ ಎಲ್ಲರಿಗೂ ಗೊತ್ತಾಗುತ್ತದೆ, ಶೆಲ್ಲರ್ ಹತ್ತು ನಿಮಿಷ ನಿಂತಿದ್ದನ್ನು ಯಾರೂ ಬರೆಯುವುದಿಲ್ಲ. ಶೆಲ್ಲರ್ ಮುಂದೆ ಹಿಂದೆ ಅರ್ಧ ಗಂಟೆಯ ಮಾಲು ಹಿಡಿಯುವ ಬಿನ್ ಇದ್ದರೆ, ಒಂದು ನಿಂತಾಗ ಉಳಿದವು ಓಡುತ್ತಿರುತ್ತವೆ, ಸರಪಳಿ ಅಲ್ಲಿಗೆ ತುಂಡಾಗುತ್ತದೆ.

ಚಳ್ಳಕೆರೆ_ಎಣ್ಣೆ:
ಮೇಷ್ಟ್ರ ಮಾತು ನಿಜ. ಜನರೇಟರ್ ತಂದೇ ತರುತ್ತೀರಿ ಅಂದರೆ ಒಂದು ಮಾತು ನೆನಪಿಡಿ. ನಮ್ಮ ಎಣ್ಣೆ ಮಿಲ್‌ನಲ್ಲಿ ಎರಡಿದ್ದವು. ಒಂದು ಹತ್ತು ಸಲಕ್ಕೊಮ್ಮೆ ಕೈ ಕೊಟ್ಟರೆ ಎರಡೂ ಕೈ ಕೊಡುವುದು ನೂರಕ್ಕೊಮ್ಮೆ ಅಂತ ಧೈರ್ಯವಾಗಿದ್ದೆವು. ಆದರೆ ಎರಡಕ್ಕೂ ಸ್ಟಾರ್ಟ್ ಬ್ಯಾಟರಿ ಒಂದೇ. ಬ್ಯಾಟರಿ ಇಳಿದ ದಿನ ಎರಡೂ ಏಳಲಿಲ್ಲ. ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ಟ್ಯಾಂಕ್ ಇದ್ದರೆ ಮಾತ್ರ ಆ ಗುಣಾಕಾರ ಸರಿ.

ಭತ್ತದ_ಮಿಲ್_ದಾವಣಗೆರೆ:
ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. 14 ಗಂಟೆ, 20 ಗಂಟೆ ಲೆಕ್ಕ ಎರಡು ಸಲ ಕೇಳಿದರು. ಜನರೇಟರ್ ಮಾತು ಸದ್ಯಕ್ಕೆ ಬಿಟ್ಟಿದ್ದೇವೆ. ಮೊದಲು ಬಿನ್ ಗೇಟ್ ಸಿಲಿಂಡರ್ ಹಾಕಿಸಿದೆವು, ಮೂರು ಎಲಿವೇಟರ್‌ಗೆ ಬ್ಯಾಕ್‌ಸ್ಟಾಪ್ ಆಗಿದೆ, ಇನ್ನು ಮೂರು ಬಾಕಿ. ಮಷೀನು ನಿಂತಿದ್ದಕ್ಕೂ ಒಂದು ಕಾಲಂ ಹಾಕಿದ್ದೇನೆ. ನಾಲ್ಕೇ ದಿನಕ್ಕೆ ಶೆಲ್ಲರ್ ಹೆಸರು ಹನ್ನೊಂದು ಸಲ ಬಂದಿದೆ.

ನಿನ್ನೆ ರಾತ್ರಿ 9:10ಕ್ಕೆ ಕರೆಂಟ್ ಹೋಗಿ ಬಂತು. 9:36ಕ್ಕೆ ಒಳ್ಳೆ ಅಕ್ಕಿ ಬಿತ್ತು. ಬ್ಯಾಕ್‌ಸ್ಟಾಪ್ ಇರುವ ಮೂರು ಗುಂಡಿಗೆ ಯಾರೂ ಇಳಿಯಬೇಕಾಗಲಿಲ್ಲ.