ಪಟ್ಟಿಯೊಳಗಿನ ಪಟ್ಟಿ: ಖಾಲಿಯಾದ ಮೇಲೆ ಐಟಂ ವಾಪಸ್ ಒಳಗೆ ಹೋಗುತ್ತಿಲ್ಲ

ಪ್ರಶ್ನೆ, ಹುಬ್ಬಳ್ಳಿಯಿಂದ:
ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಮಾಲಿನ ಪಟ್ಟಿಯನ್ನು ಅವರೇ ಎಳೆದು ಹಿಂದೆ ಮುಂದೆ ಮಾಡಬೇಕು. ‘ಬ್ಯಾಡಗಿ’ ಅಂತ ಒಂದು ಸಾಲು, ಅದರೊಳಗೆ ಡಬ್ಬಿ, ಕಡ್ಡಿ ಅಂತ ಎರಡು ತಳಿ. ಎಳೆಯೋದಕ್ಕೆ ಸಾರ್ಟಬಲ್ ಜೆಎಸ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿದ್ದೇನೆ. ಎರಡನ್ನೂ ಹೊರಗೆ ಎಳೆದರೆ ಒಳಗಿನ ಪಟ್ಟಿ ಖಾಲಿಯಾಗುತ್ತದೆ, ಆಮೇಲೆ ಏನು ಮಾಡಿದರೂ ವಾಪಸ್ ಒಳಗೆ ಹೋಗಲ್ಲ. ಮೊಬೈಲ್‌ನಲ್ಲಂತೂ ಸ್ಕ್ರೋಲ್ ಮಾಡಲು ಹೋದರೆ ಐಟಂ ಎದ್ದು ಬರುತ್ತದೆ. ಯಾರಾದರೂ ಹೇಳ್ರಿ.

ಉತ್ತರ, ಧಾರವಾಡದಿಂದ:
ಖಾಲಿ ಯುಎಲ್‌ಗೆ (ಪಟ್ಟಿಯ ಎಚ್‌ಟಿಎಂಎಲ್ ಟ್ಯಾಗ್) ಎತ್ತರವೇ ಇರಲ್ಲ, ಬಿಡೋಕೆ ಜಾಗ ಎಲ್ಲಿ ಸಿಗಬೇಕು? ಸಿಎಸ್‌ಎಸ್‌ನಲ್ಲಿ ಮಿನ್-ಹೈಟ್, ಅಂದರೆ ಕನಿಷ್ಠ ಎತ್ತರ, 30 ಪಿಕ್ಸೆಲ್ ಕೊಡಿ. ಒಳಗಿನ ಪ್ರತಿ ಯುಎಲ್‌ಗೂ ಸಾರ್ಟಬಲ್ ಬೇರೆ ಬೇರೆ ಹಚ್ಚಬೇಕು, ಗ್ರೂಪ್ ಹೆಸರು ಮಾತ್ರ ಎಲ್ಲಕ್ಕೂ ಒಂದೇ. ಸಾರ್ಟಬಲ್‌ನ ಸೆಟ್ಟಿಂಗ್‌ಗಳಲ್ಲಿ ಫಾಲ್‌ಬ್ಯಾಕ್‌ಆನ್‌ಬಾಡಿ ಟ್ರೂ, ಸ್ವಾಪ್‌ಥ್ರೆಶೋಲ್ಡ್ 0.65 ಇಡಿ. ಇಲ್ಲದಿದ್ದರೆ ಐಟಂ ಒಳಗೆ ಹೋಗೋದರ ಬದಲು ‘ಬ್ಯಾಡಗಿ’ ಸಾಲಿನ ಜೊತೆಗೇ ಜಾಗ ಬದಲಾಯಿಸಿಕೊಂಡು ತಲೆ ತಿನ್ನುತ್ತದೆ. ಮೊಬೈಲ್‌ಗೆ ಪ್ರತಿ ಸಾಲಿನಲ್ಲೂ ಹ್ಯಾಂಡಲ್ (ಹಿಡಿಯೋಕೆ ಒಂದು ಚಿಕ್ಕ ಗುರುತು) ಇಡಿ, ಅದನ್ನು ಹಿಡಿದರೆ ಮಾತ್ರ ಎಳೆಯಲು ಬರುತ್ತದೆ.

ಉತ್ತರ, ಗದಗದಿಂದ:
ಸೇವ್ ಮಾಡೋದನ್ನೂ ಈಗಲೇ ಯೋಚಿಸಿ. ಆನ್‌ಎಂಡ್ ಆದಾಗ, ಅಂದರೆ ಎಳೆದು ಬಿಟ್ಟಾಗ, ಸರಿಸಿದ ಐಟಂನ ಐಡಿ, ಹೊಸ ಪೇರೆಂಟ್ (ಅದನ್ನು ಒಳಗಿಟ್ಟುಕೊಂಡ ಸಾಲು) ಐಡಿ, ಅಲ್ಲಿ ಎಷ್ಟನೆಯದು, ಇಷ್ಟು ಕಳಿಸಿ. ಒಂದು ಸಾಲು ತನ್ನ ಮಕ್ಕಳ ಒಳಗೇ ಹೋಗಿ ಕೂರದಂತೆ ಸರ್ವರ್‌ನಲ್ಲೂ ತಡೆಯಬೇಕು, ಬ್ರೌಸರ್ ನಂಬಿ ಬಿಡಬೇಡಿ. ಇನ್ನೊಂದು, ಪ್ರತಿ ಸಾಲಿಗೂ ‘ಮೇಲೆ’, ‘ಕೆಳಗೆ’, ‘ಒಳಗೆ’, ‘ಹೊರಗೆ’ ಬಟನ್ ಹಾಕಿ. ಎಳೆದು ಮಾಡೋ ಕೆಲಸಕ್ಕೆ ಎಳೆಯದೇ ಮಾಡೋ ದಾರಿಯೂ ಇರಬೇಕು ಅಂತ ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿದ 2023ರ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2 ಹೇಳುತ್ತದೆ. ಕೈ ನಡುಗುವವರಿಗೆ ಎಳೆಯೋದು ನಿಜಕ್ಕೂ ಕಷ್ಟ.

ಹುಬ್ಬಳ್ಳಿಯಿಂದ:
ಮಿನ್-ಹೈಟ್ ಕೊಟ್ಟ ಕೂಡಲೇ ಕಡ್ಡಿ ಒಳಗೆ ಹೋಯಿತು, ಥ್ಯಾಂಕ್ಸ್ ರೀ. ಹ್ಯಾಂಡಲ್ ಎಡಕ್ಕೆ ಇಡಲಾ, ಬಲಕ್ಕಾ?