ಎಲ್‌ಡಿಎಲ್ 168, ಟ್ರೈಗ್ಲಿಸರೈಡ್ 210: ಮಾತ್ರೆ ಶುರು ಮಾಡಬೇಕೇ, ಊಟ ಬದಲಿಸಿದರೆ ಸಾಕೇ?

ಡೊಂಬಿವಲಿಯ ಕುಂದಾಪುರದವನು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಊರು ಕುಂದಾಪುರದ ಹತ್ತಿರ, ಈಗ ಡೊಂಬಿವಲಿ ಪೂರ್ವದಲ್ಲಿ ಮನೆ, ಐರೋಲಿಯಲ್ಲಿ ಕೆಲಸ. ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯಲ್ಲಿ ಈ ಸಲ ಬಂದದ್ದು: ಒಟ್ಟು ಕೊಲೆಸ್ಟ್ರಾಲ್ 248, ಎಲ್‌ಡಿಎಲ್ (ಕೆಟ್ಟದ್ದೆನ್ನುವ ಕೊಲೆಸ್ಟ್ರಾಲ್) 168, ಎಚ್‌ಡಿಎಲ್ (ಒಳ್ಳೆಯದೆನ್ನುವುದು) 38, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 210. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.0. ರಕ್ತದೊತ್ತಡ 136/88. ಸಿಗರೇಟು, ತಂಬಾಕು ಇಲ್ಲ. ಶನಿವಾರ ಗೆಳೆಯರ ಜೊತೆ ಎರಡು ಪೆಗ್ ಆಗುತ್ತದೆ. ಅಪ್ಪನಿಗೆ 52ನೇ ವಯಸ್ಸಿನಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ.

ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜಾತಿಯ ಮಾತ್ರೆ, ರೋಸುವಸ್ಟ್ಯಾಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು. ಪೊಟ್ಟಣ ಇನ್ನೂ ಒಡೆದಿಲ್ಲ. ಲೋಕಲ್ ರೈಲಿನಲ್ಲಿ ದಿನವೂ ಜೊತೆಗಿರುವವರೆಲ್ಲ ‘ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವಂತಿಲ್ಲ, ಮೈಕೈ ನೋವು ಬರುತ್ತದೆ, ಸಕ್ಕರೆ ಕಾಯಿಲೆಯೂ ಬರುತ್ತದೆ’ ಎನ್ನುತ್ತಾರೆ. ಅಮ್ಮ ಫೋನಿನಲ್ಲಿ ಬೆಳ್ಳುಳ್ಳಿ ತಿನ್ನು ಎನ್ನುತ್ತಾಳೆ. ಹೆಂಡತಿ ಹೆದರಿ ತೆಂಗಿನೆಣ್ಣೆ, ತೆಂಗಿನಕಾಯಿ, ಮೊಟ್ಟೆ, ಮೀನು ಎಲ್ಲವನ್ನೂ ನಿಲ್ಲಿಸಿದ್ದಾಳೆ. ಈಗ ರಾತ್ರಿ ಹತ್ತು ಗಂಟೆಗೆ ಮನೆಗೆ ಬಂದು ಅನ್ನ, ತಿಳಿಸಾರು, ಬೇಯಿಸಿದ ತರಕಾರಿ. ಹೊಟ್ಟೆ ತುಂಬುವುದಿಲ್ಲವೆಂದು ಅನ್ನವೇ ಹೆಚ್ಚಾಗಿದೆ. ಬೆಳಗ್ಗೆ ಸ್ಟೇಷನ್ ಹೊರಗೆ ವಡಾಪಾವ್, ಸಂಜೆ ಚಹಾದ ಜೊತೆ ಖಾರಿ, ಇವೆರಡು ಮಾತ್ರ ಹಾಗೆಯೇ ಉಳಿದಿವೆ.

ಮಾತ್ರೆ ತೆಗೆದುಕೊಳ್ಳಲೇಬೇಕೇ? ತೆಂಗಿನಕಾಯಿ ಇಷ್ಟು ಕೆಟ್ಟದ್ದೇ? ಚಿಕ್ಕ ಮಗಳಿದ್ದಾಳೆ, ರಾತ್ರಿ ನಿದ್ದೆ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಪುಣೆ, ಕೋಥರೂಡ್

ಮೊದಲು ಥೈರಾಯ್ಡ್ ಪರೀಕ್ಷೆ ಆಗಿದೆಯೇ ನೋಡಿ. ನಮ್ಮ ಅತ್ತಿಗೆಗೆ ಎಲ್‌ಡಿಎಲ್ 190ರ ಹತ್ತಿರ ಬಂದಿತ್ತು. ಮನೆಮಂದಿಯೆಲ್ಲ ತುಪ್ಪವನ್ನು ದೂರಿದರು. ಥೈರಾಯ್ಡಿನ ರಕ್ತ ಪರೀಕ್ಷೆ ಟಿಎಸ್‌ಎಚ್ ಮಾಡಿಸಿದಾಗ ಥೈರಾಯ್ಡ್ ಮಂದವಾಗಿರುವುದು ಗೊತ್ತಾಯಿತು. ಅದಕ್ಕೆ ಔಷಧ ಶುರುವಾದ ಮೇಲೆ ಎಲ್‌ಡಿಎಲ್ ಬೇರೆ ಮದ್ದಿಲ್ಲದೆ ಇಳಿಯಿತು. ನಿಮ್ಮದೂ ಅದೇ ಎಂದು ಹೇಳುತ್ತಿಲ್ಲ, ಆದರೆ ಸಣ್ಣ ಪರೀಕ್ಷೆ, ಬಿಡಬೇಡಿ.

ಮಾಟುಂಗಾದ ಲ್ಯಾಬ್ ಅಕ್ಕ

ಮಾಟುಂಗಾದ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಲೇ ನಿವೃತ್ತಳಾದವಳು ನಾನು. ವೈದ್ಯೆಯಲ್ಲ, ಮಾತ್ರೆಯ ವಿಚಾರದಲ್ಲಿ ಕೊನೆಯ ಮಾತು ನಿಮ್ಮ ವೈದ್ಯರದ್ದೇ. ಆದರೆ ಇಂಥ ವರದಿ ಹಿಡಿದು ಕೌಂಟರಿನ ಮುಂದೆ ಬೆಳ್ಳಗಾಗಿ ನಿಂತವರನ್ನು ಬಹಳ ನೋಡಿದ್ದೇನೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ನಿಮ್ಮ ವರದಿಯಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು. ಎರಡನ್ನೂ ‘ಕೊಲೆಸ್ಟ್ರಾಲ್’ ಎಂದು ಕರೆದು ಒಂದೇ ಮದ್ದು ಹುಡುಕಿದರೆ ಒಂದು ಇಳಿದು ಇನ್ನೊಂದು ಏರುತ್ತದೆ. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವುದು ಅದೇ ಎಂದು ನನಗೆ ಅನ್ನಿಸುತ್ತದೆ.

ಲ್ಯಾಬಿನಲ್ಲಿ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದಾಗ ಕೆಂಪು ಭಾಗ ಕೆಳಗೆ ಕೂರುತ್ತದೆ, ಮೇಲೆ ತಿಳಿಹಳದಿ ಸೀರಮ್ ನಿಲ್ಲುತ್ತದೆ. ಟ್ರೈಗ್ಲಿಸರೈಡ್ ಬಹಳ ಏರಿದವರ ಸೀರಮ್ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಕದಡಿರುತ್ತದೆ, ಕಣ್ಣಿಗೇ ಕಾಣುತ್ತದೆ. ಎಲ್‌ಡಿಎಲ್ ಮಾತ್ರ ಹೆಚ್ಚಿರುವವರ ಸೀರಮ್ ತಿಳಿಯಾಗಿಯೇ ಇರುತ್ತದೆ. ಎಲ್‌ಡಿಎಲ್ ಕಣಗಳು ಅಷ್ಟು ಸಣ್ಣವು. ಹಾಗಾಗಿ ಕೊಳವೆ ನೋಡಿ ‘ಇದು ಚೆನ್ನಾಗಿದೆ’ ಎಂದುಕೊಂಡ ಎಷ್ಟೋ ಮಾದರಿಗಳಲ್ಲಿ ಯಂತ್ರ 190, 200 ತೋರಿಸುತ್ತಿತ್ತು. ತೆಳ್ಳಗಿರುವ, ಎಣ್ಣೆ ಮುಟ್ಟದ ಮನುಷ್ಯನಲ್ಲೂ ಎಲ್‌ಡಿಎಲ್ ಹೆಚ್ಚಿರಬಹುದು. ಮೈಯಲ್ಲಿ ಸಾಮಾನ್ಯವಾಗಿ ಯಾವ ಸೂಚನೆಯೂ ಇರುವುದಿಲ್ಲ.

ಮೊದಲು ಟ್ರೈಗ್ಲಿಸರೈಡ್. 150ರ ಒಳಗಿದ್ದರೆ ಸರಿ, 200 ದಾಟಿದರೆ ಹೆಚ್ಚು, 500 ದಾಟಿದರೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಭಯ. ಇದನ್ನು ಏರಿಸುವುದು ಎಣ್ಣೆಗಿಂತ ಹೆಚ್ಚಾಗಿ ಅನ್ನ, ಮೈದಾ, ಸಕ್ಕರೆ, ಮದ್ಯ ಮತ್ತು ಹೊಟ್ಟೆಯ ಸುತ್ತ ಕೂತ ಕೊಬ್ಬು. ಖರ್ಚಾಗದ ಪಿಷ್ಟವನ್ನು ಯಕೃತ್ತು ಕೊಬ್ಬಾಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ನಿಮ್ಮ ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಟ್ರೈಗ್ಲಿಸರೈಡ್ 150ಕ್ಕಿಂತ ಹೆಚ್ಚು, ರಕ್ತದೊತ್ತಡ 130/85 ಮೀರಿದೆ, ಎಚ್‌ಬಿಎ1ಸಿ ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿದೆ. ಸೊಂಟದ ಸುತ್ತಳತೆಯನ್ನು ಇಂದೇ ಟೇಪು ಹಿಡಿದು ನೋಡಿ. ನಮ್ಮ ಜನರಲ್ಲಿ ಗಂಡಸರಿಗೆ 90 ಸೆಂಟಿಮೀಟರ್ ಮೇರೆ. ಇವೆಲ್ಲ ಒಂದೇ ಬೇರಿನ ಕೊಂಬೆಗಳು: ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಎಣ್ಣೆ ತೆಗೆದು ಆ ಜಾಗಕ್ಕೆ ಅನ್ನ ಹಾಕಿದರೆ ಈ ಬೇರಿಗೆ ನೀರು ಹಾಕಿದಂತೆ. ಮೀನನ್ನು ನಿಲ್ಲಿಸಬೇಕಿರಲಿಲ್ಲ. ಬಂಗುಡೆ, ಬೂತಾಯಿಗಳಲ್ಲಿರುವ ಒಮೆಗಾ-3 ಈ ಅಂಕಿಗೆ ಒಳ್ಳೆಯದೇ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವ ಬದಲು ಪುಳಿಮುಂಚಿ ಮಾಡಲಿ.

ಇನ್ನು ಎಲ್‌ಡಿಎಲ್. ನಮ್ಮ ರಕ್ತದ ಕೊಲೆಸ್ಟ್ರಾಲಿನ ಬಹುಪಾಲು ತಟ್ಟೆಯಿಂದ ಬರುವುದಿಲ್ಲ, ದೇಹವೇ ತಯಾರಿಸುತ್ತದೆ. ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಹಿಡಿದು ಒಳಗೆಳೆಯಲು ಯಕೃತ್ತಿನ ಜೀವಕೋಶಗಳ ಮೇಲೆ ಗ್ರಾಹಕಗಳಿರುತ್ತವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ತೆಂಗಿನೆಣ್ಣೆಯಂತೆ ತಂಪಿನಲ್ಲಿ ಗಟ್ಟಿಯಾಗುವ ಕೊಬ್ಬು) ಹೆಚ್ಚು ತಿಂದಾಗ ಈ ಗ್ರಾಹಕಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಅಲೆಯುತ್ತದೆ. ಹುಟ್ಟಿನಿಂದಲೇ ಗ್ರಾಹಕಗಳು ಮಂದವಾಗಿರುವ ಮನೆತನಗಳೂ ಇವೆ.

ತೆಂಗಿನೆಣ್ಣೆಯಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ತುಪ್ಪದಲ್ಲಿ ಸುಮಾರು ಶೇ 60, ಶೇಂಗಾ ಎಣ್ಣೆಯಲ್ಲಿ ಶೇ 20ರ ಆಸುಪಾಸು. ‘ಕೊಲೆಸ್ಟ್ರಾಲ್ ರಹಿತ’ ಎಂದು ಎಣ್ಣೆಯ ಡಬ್ಬಿಯ ಮೇಲೆ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇಲ್ಲವೆನ್ನುವಷ್ಟು ಕಡಿಮೆ. ನಾನೂ ಕರಾವಳಿಯವಳೇ. ತೆಂಗು ಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಒಗ್ಗರಣೆ ಶೇಂಗಾ ಎಣ್ಣೆಯಲ್ಲಿ ಆಗಲಿ, ಪಲ್ಯದ ಮೇಲೆ ಒಂದು ಚಮಚ ತುರಿ ಬೀಳಲಿ. ನಿಮ್ಮ ಹೆಂಡತಿಯ ಅಡುಗೆಗಿಂತ ನನಗೆ ಹೆಚ್ಚು ಚಿಂತೆ ನಿಮ್ಮ ವಡಾಪಾವ್ ಮತ್ತು ಖಾರಿಯದ್ದು. ಖಾರಿಯ ಪದರ ಪದರವೂ ಮೈದಾ ಮತ್ತು ವನಸ್ಪತಿ ಇಲ್ಲವೇ ಮಾರ್ಗರಿನ್. ಕಾರ್ಖಾನೆಯ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು (ವನಸ್ಪತಿ ತಯಾರಿಸುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟದಾದ ಕೊಬ್ಬು) ಶೇ 2 ಮೀರಬಾರದೆಂದು 2022ರಿಂದ ದೇಶದಲ್ಲಿ ನಿಯಮವಿದೆ, ಆದರೆ ಸ್ಯಾಚುರೇಟೆಡ್ ಕೊಬ್ಬು ಎಲ್ಲಿಗೂ ಹೋಗಿಲ್ಲ. ಮನೆಯ ತೆಂಗನ್ನು ಶಿಕ್ಷಿಸಿ ರಸ್ತೆಯ ಖಾರಿಯನ್ನು ಉಳಿಸಿಕೊಳ್ಳುವುದು ನ್ಯಾಯವಲ್ಲ.

ಇಳಿಸುವ ಆಹಾರವೂ ಇದೆ. ಓಟ್ಸ್, ಬಾರ್ಲಿ, ಹುರುಳಿ, ಹೆಸರು, ಬೆಂಡೆಕಾಯಿ, ಇಸಬ್‌ಗೋಲ್, ಇವುಗಳ ಲೋಳೆಯಂಥ ನಾರು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಒಯ್ಯುತ್ತದೆ. ಪಿತ್ತವನ್ನು ಮತ್ತೆ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ರಾತ್ರಿಯ ಅನ್ನ ಅರ್ಧವಾಗಿ, ಆ ಜಾಗಕ್ಕೆ ಹುರುಳಿ ಸಾರಿನ ಕಾಳೂ ಪಲ್ಯವೂ ಬಂದರೆ ಎರಡು ತೊಂದರೆಗೂ ಒಟ್ಟಿಗೆ ಔಷಧವಾಯಿತು. ಬೆಳ್ಳುಳ್ಳಿಯನ್ನು ರುಚಿಗೆ ತಿನ್ನಿ, ಅಮ್ಮನಿಗೂ ಸಮಾಧಾನ. 168ಕ್ಕೆ ಅದು ಸಾಲದು.

ಗೋವಾ, ವಾಸ್ಕೊ

ಅಕ್ಕ ಹೇಳಿದ್ದು ಸರಿ, ಆದರೆ 41ಕ್ಕೇ ಮಾತ್ರೆ ಏಕೆ? ಮೂರು ತಿಂಗಳು ಊಟ, ನಡಿಗೆ, ಮದ್ಯ ಬಂದ್. ಆಮೇಲೆ ಮತ್ತೆ ಪರೀಕ್ಷೆ ಮಾಡಿಸಲಿ. ಬಂದರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಫೆನಿ ಬಿಟ್ಟು ಸಂಜೆ ಬೊಗ್ಮಾಳೊ ತನಕ ನಡೆಯಲು ಶುರು ಮಾಡಿದ ಮೇಲೆ ಟ್ರೈಗ್ಲಿಸರೈಡ್ 380ರಿಂದ 160ಕ್ಕೆ ಇಳಿಯಿತು. ಮಾತ್ರೆ ಇಲ್ಲದೆ.

ಮಾಟುಂಗಾದ ಲ್ಯಾಬ್ ಅಕ್ಕ

ವಾಸ್ಕೊದವರೇ, ಆ ಮಾತು ನಿಜ. ಇಳಿದದ್ದು ಟ್ರೈಗ್ಲಿಸರೈಡ್ ಎಂಬುದನ್ನು ಗಮನಿಸಿ. ಅದು ಊಟಕ್ಕೆ, ನಡಿಗೆಗೆ ಬೇಗ ಮಣಿಯುತ್ತದೆ. ಎಲ್‌ಡಿಎಲ್ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಶ್ರದ್ಧೆಯಿಂದ ಮಾಡಿದರೂ ಊಟದಿಂದ ಹತ್ತು-ಹದಿನೈದು ಶೇಕಡಾ ಇಳಿದರೆ ಸಂತೋಷಪಡಬೇಕು. 168 ಆಗ 145 ಆಗುತ್ತದೆ. ಬೇರೆ ಯಾವ ಅಪಾಯವೂ ಇಲ್ಲದವರಾಗಿದ್ದರೆ ನಾನೂ ಮೂರು ತಿಂಗಳು ಕಾಯಿರಿ ಎನ್ನುತ್ತಿದ್ದೆ, ಅನೇಕ ವೈದ್ಯರೂ ಹಾಗೆಯೇ ಹೇಳುತ್ತಾರೆ.

ಇವರ ಅಪ್ಪನಿಗೆ 52ಕ್ಕೆ ಹೃದಯಾಘಾತವಾಗಿದೆ. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕಿಂತ ಮೊದಲು, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65ಕ್ಕಿಂತ ಮೊದಲು ಹಾಗಾಗಿದ್ದರೆ ವೈದ್ಯರು ಅದನ್ನು ಅಪಾಯದ ಗುರುತೆಂದೇ ಎಣಿಸುತ್ತಾರೆ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುವುದು ಕಂಡಿತ್ತು. ರಕ್ತನಾಳದ ಗೋಡೆಯಲ್ಲಿ ಎಲ್‌ಡಿಎಲ್ ಕೂರುವುದು ವರ್ಷಗಟ್ಟಲೆ ನಡೆಯುವ ಕೆಲಸ. ಹಾಗಾಗಿ 41 ಎಂಬುದು ಬೇಗ ಅಲ್ಲ.

ಡೊಂಬಿವಲಿಯವರೇ, ಲೋಕಲ್‌ನಲ್ಲಿ ಕೇಳಿದ ಮಾತುಗಳ ಬಗ್ಗೆ. ಸ್ಟ್ಯಾಟಿನ್ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಎಲ್‌ಡಿಎಲ್ ಹಿಂದಿನ ಮಟ್ಟಕ್ಕೆ ಬರುತ್ತದೆ, ಅಷ್ಟೇ. ದೇಹ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಬೇರ್ಪಡಿಸಿದರು. 1987ರಿಂದ ಈ ಜಾತಿಯ ಮಾತ್ರೆಗಳು ಜನರ ಬಳಕೆಯಲ್ಲಿವೆ. ಔಷಧಗಳಲ್ಲಿ ಇಷ್ಟು ಪರೀಕ್ಷೆಗೆ ಒಳಗಾದವು ಕಡಿಮೆ. ಮೈಕೈ ನೋವು ಕೆಲವರಿಗೆ ನಿಜವಾಗಿಯೂ ಬರುತ್ತದೆ, ಆಗ ವೈದ್ಯರು ಪ್ರಮಾಣ ಅಥವಾ ಮಾತ್ರೆ ಬದಲಿಸುತ್ತಾರೆ. ತೀವ್ರ ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಆ ದಿನವೇ ಹೋಗಬೇಕು. ರಕ್ತದ ಸಕ್ಕರೆ ಸ್ವಲ್ಪ ಏರುವುದೂ ಸುಳ್ಳಲ್ಲ, ಹೊಸ್ತಿಲಿನಲ್ಲಿರುವವರಲ್ಲಿ ಅದು ಹೆಚ್ಚು. ನಿಮ್ಮದು 6.0 ಆಗಿರುವುದರಿಂದ ಇದನ್ನು ಕೇಳಿಯೇ ತಿಳಿದುಕೊಳ್ಳಿ. ಹೃದಯಕ್ಕೆ ಸಿಗುವ ಲಾಭ ಅದಕ್ಕಿಂತ ದೊಡ್ಡದೆಂದು ಸಾಮಾನ್ಯವಾಗಿ ವೈದ್ಯರು ಹೇಳುತ್ತಾರೆ. ಸಕ್ಕರೆಗೆ ಉತ್ತರ ನಡಿಗೆಯಲ್ಲೂ ಅರ್ಧ ತಟ್ಟೆ ಅನ್ನದಲ್ಲೂ ಇದೆ.

ಪೊಟ್ಟಣವನ್ನು ಒಡೆಯದೆ ಕಪಾಟಿನಲ್ಲಿಟ್ಟು ನಿದ್ದೆಗೆಡಬೇಡಿ. ಆ ವೈದ್ಯರ ಹತ್ತಿರ ಇನ್ನೊಮ್ಮೆ ಹೋಗಿ, ಅಪ್ಪನ ಫೈಲ್ ತೆಗೆದುಕೊಂಡು ಹೋಗಿ. ಅಪ್ಪನ ವಯಸ್ಸನ್ನು ಅವರಿಗೆ ಹೇಳಿದ್ದೀರಾ? ಟಿಎಸ್‌ಎಚ್ ಜೊತೆ ಲಿಪೊಪ್ರೋಟೀನ್-ಎ ಪರೀಕ್ಷೆಯ ಬಗ್ಗೆಯೂ ಕೇಳಿ. ಅದು ವಂಶದಿಂದ ಬರುವ ಅಂಶ, ಊಟದಿಂದ ಬದಲಾಗುವುದಿಲ್ಲ, ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆ ನೋಡಿದರೆ ಸಾಕು.

ಡೊಂಬಿವಲಿಯ ಕುಂದಾಪುರದವನು

ಅಕ್ಕ, ಮನೆಯಲ್ಲಿ ಇಬ್ಬರೂ ಕೂತು ಓದಿದೆವು. ಸೊಂಟ 97 ಸೆಂಟಿಮೀಟರ್. ಅಪ್ಪನ ವಿಚಾರ ವೈದ್ಯರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಶನಿವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಇಸಬ್‌ಗೋಲ್ ಮತ್ತು ಮಾತ್ರೆ ಒಟ್ಟಿಗೆ ನುಂಗಬಹುದೇ? ಮಾತ್ರೆ ಶುರುವಾದರೆ ಮತ್ತೆ ಪರೀಕ್ಷೆ ಯಾವಾಗ?

ಮಾಟುಂಗಾದ ಲ್ಯಾಬ್ ಅಕ್ಕ

ಇಸಬ್‌ಗೋಲ್ ತುಂಬು ಲೋಟ ನೀರಿನ ಜೊತೆ, ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಆಮ್ಲಪಿತ್ತದ ಮದ್ದು ಕುಡಿಯುವ ಅಭ್ಯಾಸವಿದ್ದರೆ ಅದಕ್ಕೂ ಅಷ್ಟೇ ಅಂತರ. ಮಾತ್ರೆ ಶುರುವಾಗಿ ನಾಲ್ಕರಿಂದ ಹನ್ನೆರಡು ವಾರದೊಳಗೆ ಮತ್ತೆ ಲಿಪಿಡ್ ಪರೀಕ್ಷೆ. ಟ್ರೈಗ್ಲಿಸರೈಡ್ ಹೆಚ್ಚಿರುವುದರಿಂದ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಕೊಡಿ, ಅದೂ ಸೋಮವಾರ ಬೇಡ. ಶನಿವಾರದ ಪೆಗ್ ಆ ಅಂಕಿಯನ್ನು ಏರಿಸಿಬಿಡುತ್ತದೆ. ಹೊಸ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ನೋಡಿ. ಕೆಟ್ಟ ಕೊಲೆಸ್ಟ್ರಾಲ್‌ಗಳೆಲ್ಲದರ ಮೊತ್ತ ಅದು, ನಿಮ್ಮದು ಈಗ 248ರಿಂದ 38 ಕಳೆದು 210. ಗುರಿ ಎಷ್ಟೆಂದು ವೈದ್ಯರಿಂದ ಬರೆಸಿಕೊಳ್ಳಿ.

ನಿಮಗೆ ಒಡಹುಟ್ಟಿದವರು ಇದ್ದರೆ ಅವರಿಗೂ ಒಮ್ಮೆ ಪರೀಕ್ಷೆ ಮಾಡಿಸಲು ಹೇಳಿ. ಅಕ್ಕತಂಗಿಯರಿದ್ದರೆ ಅವರಿಗೂ ಹೇಳಿ, ಅಪ್ಪನಿಂದ ಬರುವುದು ಗಂಡುಮಕ್ಕಳಿಗೆ ಮಾತ್ರ ಎಂದುಕೊಂಡು ಹೆಣ್ಣುಮಕ್ಕಳನ್ನು ಬಿಟ್ಟುಬಿಡುವ ಮನೆಗಳು ಬಹಳ.